ಮೂರನೇ ಕಿಟಕಿಯ ಕೆಳಗಿನ ಕೆಂಪು

ತೂಬಗೆರೆಯ ಜ್ಯೋತಿಲಕ್ಷ್ಮಿಗೆ ಫೋಟೋ ಕಂಡರೆ ಆಗುತ್ತಿರಲಿಲ್ಲ. ತನ್ನ ಮದುವೆಯ ಆಲ್ಬಂ ಅನ್ನೇ ಬೀರುವಿನ ಮೇಲೆ ಹಳೆ ಮಿಕ್ಸಿ ಡಬ್ಬದ ಹಿಂದಕ್ಕೆ ತಳ್ಳಿದ್ದಳು. ಇದಕ್ಕೆ ಗಂಡ ಕಾರಣನಲ್ಲ. ಸುನಿಲ್‌ಕುಮಾರ್ ಒಳ್ಳೆಯವನೇ, ಏರ್‌ಪೋರ್ಟಿಗೆ ಕ್ಯಾಬ್ ಓಡಿಸಿ ಮನೆಗೆ ಬಂದರೆ ಉಂಡು ಮಲಗುವಷ್ಟು ಒಳ್ಳೆಯವನು. ಕಾರಣ ಪಿಲ್ಲಗುಂಪೆ.

ಪಿಲ್ಲಗುಂಪೆಯ ಒಂದು ಪ್ಯಾಕಿಂಗ್ ಕಾರ್ಖಾನೆಯಲ್ಲಿ ಅವಳು ಒಂಬತ್ತು ವರ್ಷ ಲೇಬಲ್ ವಿಭಾಗದಲ್ಲಿದ್ದಳು. ಊದುಬತ್ತಿ, ಹಪ್ಪಳ, ಸಾಂಬಾರ್ ಪುಡಿ, ಪಾತ್ರೆ ಸೋಪು, ಯಾವುದರ ಹೊದಿಕೆಯಾದರೂ ಅವಳ ಕಂಪ್ಯೂಟರಿನಿಂದಲೇ ಹೊರಡಬೇಕು. ಗಿರಾಕಿಗಳು ವಾಟ್ಸ್ಯಾಪಿನಲ್ಲಿ ಹೆಬ್ಬೆರಳಿನಷ್ಟು ಫೋಟೋ ಕಳಿಸಿ, ಇದನ್ನು ಗೋಡೆಯಷ್ಟು ಮಾಡಿಕೊಡಿ ಎನ್ನುತ್ತಿದ್ದರು. ಹಪ್ಪಳದ ಯಜಮಾನನೊಬ್ಬ ತೀರಿಹೋದ ತಾತನ ಮುಖ ಕಳಿಸಿದ. ದೊಡ್ಡದು ಮಾಡಿದಾಗ ತಾತ ಚೌಕ ಚೌಕವಾಗಿ ಒಡೆದುಹೋಗಿ, ಮುಖ ಹಲಸಿನ ಸಿಪ್ಪೆಯ ಹಾಗೆ ಕಂಡಿತು. ನಮ್ಮ ತಾತನ ಮುಖ ಹಾಳುಮಾಡಿದಿರಿ ಎಂದು ಯಜಮಾನ ಜಗಳಕ್ಕೆ ಬಂದ. ಬೈಸಿಕೊಂಡವಳು ಜ್ಯೋತಿ. ಅವತ್ತಿನಿಂದ ಅವಳು ಫೋಟೋ ಜಾತಿಯನ್ನೇ ನಂಬಲಿಲ್ಲ.

ನಂಬಿದ್ದು ಗೆರೆಯನ್ನು. ಗೆರೆಯ ಚಿತ್ರವೆಂದರೆ ಕಂಪ್ಯೂಟರಿಗೆ ಬಣ್ಣದ ಕಾಳಿನ ರಾಶಿ ಸುರಿಯುವುದಲ್ಲ. ಈ ಚುಕ್ಕೆಯಿಂದ ಆ ಚುಕ್ಕೆಗೆ ಇಷ್ಟು ಬಾಗಿ ಹೋಗು, ಒಳಗೆ ಈ ಬಣ್ಣ ತುಂಬು ಎಂದು ಹೇಳಿಕೊಡುವುದು. ವೆಕ್ಟರ್ ಎನ್ನುತ್ತಾರೆ. ಹೇಳಿಕೊಟ್ಟದ್ದನ್ನು ಅದು ಬೆಂಕಿಪೊಟ್ಟಣದ ಮೇಲೂ ಬರೆಯುತ್ತದೆ, ನೀರಿನ ಟ್ಯಾಂಕಿನ ಮೇಲೂ ಬರೆಯುತ್ತದೆ, ಎಲ್ಲಿಯೂ ಒಡೆಯುವುದಿಲ್ಲ. ಫೈಲೂ ಹಗುರ. ಹೇಳಿದ ಮಾತು ಕೇಳುವ ಒಂದೇ ವಸ್ತು ಈ ಪ್ರಪಂಚದಲ್ಲಿದ್ದರೆ ಅದು ಗೆರೆ ಎಂದು ಜ್ಯೋತಿ ತೀರ್ಮಾನಿಸಿದ್ದಳು. ಮದುವೆಯಾಗಿ ಹನ್ನೊಂದು ವರ್ಷವಾದವರ ತೀರ್ಮಾನವನ್ನು ಸುಮ್ಮನೆ ತಳ್ಳಿಹಾಕಬಾರದು.

ಕಂಪನಿ ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಫೋನಿನ ವಿಡಿಯೋ ನೋಡಿಯೇ ಅವಳು ಪ್ರೋಗ್ರಾಮ್ ಬರೆಯುವುದನ್ನು ಕಲಿತಳು. ಆಮೇಲೆ ತಲೆಗೆ ಹೊಕ್ಕದ್ದು ಒಂದು ಗೇಮ್. ದೊಡ್ಡಬಳ್ಳಾಪುರದಿಂದ ತೂಬಗೆರೆಗೆ ಓಡುವ 'ಶ್ರೀ ಗಿರಿಜಾ' ಎಂಬ ಪ್ರೈವೇಟ್ ಬಸ್ಸನ್ನು ಆಡುವವರು ಓಡಿಸಬೇಕು. ಕೈಮಾಡಿದಲ್ಲೆಲ್ಲ ನಿಲ್ಲಿಸಬೇಕು, ಚಿಲ್ಲರೆ ಕೊಡಬೇಕು, ರಸ್ತೆಯಲ್ಲಿ ಮಲಗಿದ ಕರುವನ್ನು ಎಬ್ಬಿಸಬೇಕು, ಟೈಮಿಗೆ ಸರಿಯಾಗಿ ಊರು ಮುಟ್ಟಬೇಕು. ಕೊನೆಯದು ನಿಜದ ಬಸ್ಸಿಗೂ ಆಗದ ಕೆಲಸ.

ಮನೆಯಲ್ಲಿ ಒಪ್ಪಂದವಾಯಿತು. ಒಂದು ಯುಗಾದಿಯಿಂದ ಇನ್ನೊಂದು ಯುಗಾದಿಯವರೆಗೆ ಅವಳು ಕೆಲಸ ಬಿಟ್ಟು ಗೇಮ್ ಮಾಡಬಹುದು. ಅಷ್ಟರಲ್ಲಿ ಯಾವುದಾದರೂ ಕಂಪನಿ ಅದನ್ನು ತೆಗೆದುಕೊಂಡರೆ ಸರಿ, ಇಲ್ಲದಿದ್ದರೆ ಮತ್ತೆ ಪಿಲ್ಲಗುಂಪೆ, ಬೆಳಿಗ್ಗೆ ಐದಕ್ಕೆ ಏಳುವುದು, ಹಪ್ಪಳದ ತಾತ. ಅತ್ತೆ ಲಕ್ಕಮ್ಮ ದೇವರ ಮುಂದೆ ನಿಂತು ಈ ಒಪ್ಪಂದಕ್ಕೆ ಸಾಕ್ಷಿಯಾದಳು.

ಮಾವ ಅಪ್ಪಯ್ಯಣ್ಣ ಮಾತ್ರ ಒಪ್ಪಂದದಲ್ಲಿ ಮೂಗು ತೂರಿಸಲಿಲ್ಲ. ಅವನಿಗೆ ಬೇರೆಯೇ ಖುಷಿ. ಶ್ರೀ ಗಿರಿಜಾ ಬಸ್ಸನ್ನು ಇಪ್ಪತ್ತೆರಡು ವರ್ಷ ಓಡಿಸಿದ ಡ್ರೈವರ್ ಅವನೇ. ನಾಲ್ಕು ವರ್ಷದ ಹಿಂದೆ ಮಂಡಿನೋವು ಅಂತ ಸ್ಟೇರಿಂಗ್ ಬಿಟ್ಟರೂ, ದಿನಾ ಬೆಳಿಗ್ಗೆ ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತು, ಹೊಸ ಡ್ರೈವರ್ ರಿವರ್ಸ್ ತೆಗೆಯುವುದನ್ನು ನೋಡಿ ಹಲ್ಲು ಕಡಿದು ಮನೆಗೆ ಬಂದು ತಿಂಡಿ ತಿನ್ನುತ್ತಿದ್ದ.

ಹತ್ತು ತಿಂಗಳು ಕೂತು ಜ್ಯೋತಿ ಗೇಮನ್ನು ಪೂರ್ತಿ ಗೆರೆಯಲ್ಲೇ ಬರೆದಳು. ಬಸ್ಸು ನೀಲಿ ಮೈ, ಹಳದಿ ಪಟ್ಟಿ, ದುಂಡು ಚಕ್ರ. ಎಷ್ಟು ಚೊಕ್ಕವಾಗಿತ್ತೆಂದರೆ ಅವಳಿಗೇ ದೃಷ್ಟಿ ತೆಗೆಯಬೇಕೆನಿಸಿತು. ಮೊದಲು ಮಾವನಿಗೆ ತೋರಿಸಿದಳು. ಬೇಕೆಂದೇ ಹೆಸರಿನ ಬೋರ್ಡ್ ಹಾಕಿರಲಿಲ್ಲ. ಅಪ್ಪಯ್ಯಣ್ಣ ಫೋನನ್ನು ಕೈಚಾಚಿ ದೂರ ಹಿಡಿದು ನೋಡಿದ.

"ಚೆನ್ನಾಗೈತೆ ಕಣಮ್ಮ. ಯಾರ ಬಸ್ಸು?"

"ನಿಮ್ದೇ ಮಾವ! ಗಿರಿಜಾ!"

ಅಪ್ಪಯ್ಯಣ್ಣ ಇನ್ನೊಮ್ಮೆ ನೋಡಿದ. ಸೊಸೆಯ ಮನಸ್ಸು ನೋಯಿಸಬಾರದೆಂದು ಬಹಳ ಹೊತ್ತು ನೋಡಿದ. "ಗಿರಿಜಾ ಅಲ್ಲ ಬಿಡು. ಇದ್ಯಾವ್ದೋ ದೇವನಹಳ್ಳಿ ಓಟೆಲ್ನೋರ ಬಸ್ಸು ಇದ್ದಂಗೈತೆ. ಇದ್ರಲ್ಲಿ ಕೋಳಿ ಹಾಕ್ಕೊಂಡು ಹತ್ತಕ್ಕೆ ಬಿಡ್ತಾರಾ?"

ಬೆಂಗಳೂರಿನಲ್ಲಿ ಸಣ್ಣ ಸಣ್ಣ ಗೇಮ್‌ಗಳನ್ನು ಆರಿಸಿ ಬಿಡುಗಡೆ ಮಾಡುವ ಕಂಪನಿಯೊಂದಿತ್ತು. ಅಲ್ಲಿಯ ರಂಜಿತ ಎಂಬ ಹುಡುಗಿ ವಿಡಿಯೋ ಕಾಲಿನಲ್ಲಿ ಗೇಮ್ ನೋಡಿ, ನಗುಮುಖದಲ್ಲೇ ಹೆಚ್ಚು ಕಡಿಮೆ ಅದೇ ಮಾತು ಹೇಳಿದಳು. "ಆಟ ತುಂಬಾ ಚೆನ್ನಾಗಿದೆ ಜ್ಯೋತಿ ಅವ್ರೇ. ಆದ್ರೆ ಈ ಬಸ್ಸು ಯಾವ ಊರಿಂದು ಬೇಕಾದ್ರೂ ಆಗ್ಬಹುದು. ನಿಮ್ಮೂರಿಂದು ಅಂತ ಯಾಕೆ ಅನ್ಬೇಕು?" ಆಮೇಲೆ ಒಂದು ಪರೀಕ್ಷೆ ಗೊತ್ತುಮಾಡಿದಳು. ಯುಗಾದಿಯ ಹಿಂದಿನ ವಾರ ನಾನೇ ತೂಬಗೆರೆಗೆ ಬರುತ್ತೇನೆ. ಬಸ್‌ಸ್ಟಾಪಿನಲ್ಲಿರುವವರ ಕೈಗೆ ಗೇಮ್ ಕೊಡಬೇಕು, ಅವರವರದೇ ಫೋನಿನಲ್ಲಿ. ಹೆಸರಿನ ಬೋರ್ಡ್ ಇರಬಾರದು, ಯಾರೂ ಹೇಳಿಕೊಡಬಾರದು. ಇದು ಇಂಥ ಬಸ್ಸೇ ಎಂದು ಜನ ತಾವಾಗಿ ಗುರುತು ಹಿಡಿದರೆ ಕಂಪನಿ ತೆಗೆದುಕೊಳ್ಳುತ್ತದೆ.

ಜ್ಯೋತಿ ಎರಡು ದಿನ ಅದೇ ಗೆರೆಗಳನ್ನು ತಿದ್ದಿ ತೀಡಿ ನೋಡಿದಳು. ಮೂರನೆಯ ದಿನ ಹಲ್ಲು ಕಚ್ಚಿಕೊಂಡು ಫೋಟೋಗೆ ಶರಣಾದಳು. ನಿಜದ ಬಸ್ಸಿನ ಪಕ್ಕೆಯನ್ನು ಫೋಟೋ ತೆಗೆದು, ಗೇಮಿನ ಬಸ್ಸಿಗೆ ಚರ್ಮದ ಹಾಗೆ ಹೊದಿಸಿಬಿಡುವುದು. ಟೆಕ್ಸ್ಚರ್ ಎನ್ನುತ್ತಾರೆ. ಗುರುತು ಸಿಗದೆ ಎಲ್ಲಿ ಹೋಗುತ್ತದೆ? ಬಸ್ಸಿನ ಕಂಡಕ್ಟರ್ ಸಿದ್ದರಾಜುಗೆ ಹಿಂದಿನ ದಿನವೇ ಹೇಳಿಟ್ಟಳು. ನಾಳೆ ಬಸ್ಸಿನ ಫೋಟೋ ಬೇಕು, ಹತ್ತು ನಿಮಿಷ ಅರಳಿಮರದ ಹತ್ತಿರ ನಿಲ್ಲಿಸು ಎಂದಳು. ಅವಳು ಮಾಡಿದ ತಪ್ಪು ಅದೇ. ನಮ್ಮ ಕಡೆ ಬಂಡಿಯ ಫೋಟೋ ತೆಗೆಯುತ್ತಾರೆಂದು ಹಿಂದಿನ ದಿನ ಯಾರಿಗೂ ಹೇಳಬಾರದು.

ಮರುದಿನ ಅವಳು ಹೋಗುವಷ್ಟರಲ್ಲಿ ಗಿರಿಜಾ ಮದುವಣಗಿತ್ತಿಯಾಗಿದ್ದಳು. ಸೋಪಿನ ಪುಡಿ ಹಾಕಿ, ತೆಂಗಿನ ನಾರಿನಲ್ಲಿ ತಿಕ್ಕಿ ತಿಕ್ಕಿ ತೊಳೆದಿದ್ದರು. ಮುಂದೆ ಎರಡು ಬಾಳೆಕಂದು, ಗಾಜಿಗೆ ಸೇವಂತಿಗೆ ಹಾರ, ಪಕ್ಕೆಗೆ ಮೂರು ಗೆರೆ ವಿಭೂತಿ, ನಡುವೆ ಕುಂಕುಮ, ಚಕ್ರದ ಕೆಳಗೆ ನಿಂಬೆಹಣ್ಣು. ಒಡೆದ ಬೂದುಗುಂಬಳ ರಸ್ತೆಯಲ್ಲಿ ಬಿದ್ದಿತ್ತು. ಬಾಗಿಲಿಗೆ ಒಂದು ಕೈಯಲ್ಲಿ ಜೋತುಬಿದ್ದ ಸಿದ್ದರಾಜು, ಇಸ್ತ್ರಿ ಮಾಡಿದ ಖಾಕಿ ತೊಟ್ಟು, ಕಪ್ಪು ಕನ್ನಡಕ ಹಾಕಿಕೊಂಡಿದ್ದ.

"ಸಿದ್ದರಾಜು, ಬರೀ ಬಸ್ಸು ಸಾಕಿತ್ತು ಕಣೋ. ಇಳಿ ಕೆಳಗೆ. ಯಾಕೋ ತೊಳೆದ್ರಿ ಇದನ್ನ?"

"ಏನಕ್ಕ ನೀನು, ಫೋಟೋ ಅಂದ್ಮೇಲೆ ತೊಳೀದೆ ಇರಕ್ಕಾಯ್ತದಾ? ಮಾನ ಮರ್ವಾದೆ ಬ್ಯಾಡ್ವಾ?" ಎಂದ ಸಿದ್ದರಾಜು. ಇಳಿಯಲಿಲ್ಲ. ಇನ್ನೊಮ್ಮೆ ಹೇಳಲು ಟೈಮೂ ಇರಲಿಲ್ಲ. ಡ್ರೈವರ್ ಆಗಲೇ ಹಾರ್ನ್ ಒತ್ತುತ್ತಿದ್ದ.

ಆ ಫೋಟೋವನ್ನೇ ಹೊದಿಸಿ ನೋಡಿದಳು. ಬಸ್ಸು ಗಿರಿಜಾಳ ಹಾಗೆಯೇ ಕಂಡಿತು, ಆದರೆ ಆಯುಧಪೂಜೆಯ ದಿನದ ಗಿರಿಜಾ. ಬಾಗಿಲಿನಲ್ಲಿ ಸಿದ್ದರಾಜು ಅಂಟಿಕೊಂಡುಬಿಟ್ಟಿದ್ದ. ಬಸ್ಸು ನಿಂತರೂ ಇಳಿಯುವುದಿಲ್ಲ, ಓಡಿದರೂ ಅಲುಗುವುದಿಲ್ಲ, ಕರು ಅಡ್ಡ ಬಂದರೂ ಅದೇ ನಗು. ಅರಳಿಮರದ ನೆರಳು ಬಸ್ಸಿನ ಮೇಲೆ ಬಿದ್ದಿತ್ತಲ್ಲ, ಅದೂ ಬಸ್ಸಿನ ಜೊತೆಗೇ ದೊಡ್ಡಬಳ್ಳಾಪುರದವರೆಗೂ ಪ್ರಯಾಣ ಮಾಡಿತು. ಇನ್ನು ವಾಪಸ್ ಟ್ರಿಪ್ಪಿಗೆ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದಾಗ ಪಕ್ಕೆಯ ಅಕ್ಷರಗಳೆಲ್ಲ ಉಲ್ಟಾ ಆದವು. ಬಾಗಿಲು ಡ್ರೈವರ್ ಕಡೆಗೆ ಹೋಯಿತು. ಸಿದ್ದರಾಜು ಎದುರಿಗೆ ಬರುವ ಲಾರಿಗಳಿಗೆ ಮೈಯೊಡ್ಡಿ ನಗುತ್ತಾ ನಿಂತ.

ಅದನ್ನು ಲಕ್ಕಮ್ಮನ ಫೋನಿಗೆ ಹಾಕಿದಳು. ಊರಿನ ಅರ್ಧ ಜನರ ಕೈಯಲ್ಲಿರುವುದು ಅಂಥದೇ ಅಗ್ಗದ ಫೋನು. ಮೂರು ನಿಮಿಷ ಚಕ್ರ ಸುತ್ತಿತು, ಬಸ್ಸಿನ ಮೂತಿ ಕಂಡಿತು, ಫೋನು ಸತ್ತಿತು. ಲಕ್ಕಮ್ಮ ಅದನ್ನು ಸೆರಗಿನಲ್ಲಿ ಹಿಡಿದು ಕೆಳಗಿಟ್ಟಳು.

"ರೊಟ್ಟಿ ಬೇಯಿಸ್ಬೋದು ಕಣೇ ಇದ್ರ ಮೇಲೆ. ಏನು ತುಂಬ್ದೆ ಇದ್ರೊಳ್ಗೆ?"

"ನಿಮ್ಮ ಸಿದ್ದರಾಜುನ," ಎಂದಳು ಜ್ಯೋತಿ.

ಯುಗಾದಿಗೆ ಇನ್ನು ಮೂರು ವಾರ. ಪಿಲ್ಲಗುಂಪೆಯ ಸೂಪರ್‌ವೈಸರ್ ಫೋನ್ ಮಾಡಿ, ಹಬ್ಬ ಮುಗಿಸ್ಕೊಂಡು ಬಂದ್ಬಿಡಿ ಮೇಡಂ, ನಿಮ್ಮ ಸೀಟು ಹಂಗೇ ಇದೆ ಎಂದ. ಪಾಪ, ಸಮಾಧಾನಕ್ಕೇ ಹೇಳಿದ್ದು. ಜ್ಯೋತಿ ಫೋನಿಟ್ಟು ಹಿತ್ತಿಲಿಗೆ ಹೋಗಿ ಒಲೆಯ ಪಕ್ಕ ಕೂತು ಅತ್ತಳು. ಗೆರೆ ಹಾಕಿದರೆ ಗುರುತಿಲ್ಲ, ಫೋಟೋ ಹಾಕಿದರೆ ಓಡುವುದಿಲ್ಲ. ಒಂಬತ್ತು ವರ್ಷ ಬೈದ ವಸ್ತುವಿನ ಕಾಲಿಗೆ ಬಿದ್ದದ್ದೂ ದಂಡವಾಯಿತು ಎನ್ನುವ ಸಿಟ್ಟು ಬೇರೆ.

ಅಪ್ಪಯ್ಯಣ್ಣ ನೀರು ಕಾಯಿಸಲು ಬಂದವನು ಅವಳನ್ನು ಕಂಡು, ಹೋಗಲೂ ಆಗದೆ ಇರಲೂ ಆಗದೆ ನಿಂತ. ಅವಳೇ ಕಣ್ಣೊರೆಸಿಕೊಂಡು ಕೇಳಿದಳು. "ಮಾವ, ಬೋರ್ಡ್ ಇಲ್ದೆ ಒಂದೇ ಬಣ್ಣದ ಹತ್ತು ಬಸ್ಸು ನಿಲ್ಸಿದ್ರೆ, ನಿಮ್ಮ ಬಸ್ಸು ಯಾವ್ದು ಅಂತ ಹೆಂಗೆ ಹೇಳ್ತೀರಾ?"

"ಅದೇನು ಕಷ್ಟ? ಹಿಂದ್ಗಡೆ ಏಣಿ ಕೊನೇ ಮೆಟ್ಲು ಸೊಟ್ಟ. ಬಲಗಡೆ ಲೈಟು ಹಳದಿ, ಎಡಗಡೇದು ಬಿಳಿ. ಬಾಗ್ಲು ಮುಂದೆ ಒಂದು ನೆಗ್ಗು, ಅದು ನಾನಲ್ಲ ಮಾಡಿದ್ದು, ಹುಣಸೆಮರ ಅಡ್ಡ ಬಂದಿದ್ದು." ಇಷ್ಟು ಹೇಳಿ ಅಪ್ಪಯ್ಯಣ್ಣನ ದನಿ ಏರಿತು. "ಆಮೇಲೆ ಬಾಗ್ಲು ಕಡೆ ಮೂರನೇ ಕಿಟಕಿ ಕೆಳ್ಗೆ ನೋಡು. ಅದೊಂದು ಸಾಕು. ಅಂಥಾದ್ದು ಇನ್ಯಾವ ಬಸ್ಸಿಗೂ ಇಲ್ಲ!"

ಮೂರನೇ ಕಿಟಕಿಯ ವಿಷಯ ಮನೆಯವರಿಗೆಲ್ಲ ಗೊತ್ತಿದ್ದದ್ದೇ. ಅಪ್ಪಯ್ಯಣ್ಣನ ಬಾಳಿನ ಏಕೈಕ ಶತ್ರುತ್ವ ಅದು. ದಿನಾ ಮೊದಲ ಟ್ರಿಪ್ಪಿನಲ್ಲಿ ಕನಕಾಂಬರದ ಬುಟ್ಟಿ ಹೊತ್ತು ದೊಡ್ಡಬಳ್ಳಾಪುರದ ಮಾರ್ಕೆಟ್ಟಿಗೆ ಹೋಗುವ ಪಾಪಕ್ಕ ಕೂರುವುದು ಆ ಕಿಟಕಿಯಲ್ಲಿ. ಆ ಕಿಟಕಿಯ ಕೆಳಗೆ ಮಾತ್ರ ಎಲೆಅಡಿಕೆಯ ಕೆಂಪು, ಹಿಂದಕ್ಕೆ ಗಾಳಿಗೆ ಬೀಸಿ ಬಾಲ ಬಿಟ್ಟ ಕೆಂಪು. ಡ್ರೈವರಾಗಿದ್ದಾಗ ಅಪ್ಪಯ್ಯಣ್ಣ ಹದಿನಾಲ್ಕು ವರ್ಷ ಅದನ್ನು ತೊಳೆದ, ಹದಿನಾಲ್ಕು ವರ್ಷ ಕೇಳಿದ. ಪಾಪಕ್ಕ ಬಾಯಿತುಂಬ ರಸ ಇಟ್ಟುಕೊಂಡೇ, "ನಾನು ಎಲೆಅಡಿಕೆ ಮುಟ್ಟೋದೇ ಇಲ್ವಲ್ಲಣ್ಣ" ಎನ್ನುತ್ತಿದ್ದಳು. ಊರ ಹಿರಿಯರ ಮುಂದೆ ನ್ಯಾಯವೂ ಆಯಿತು. ಕಂಡವರು ಯಾರೂ ಇಲ್ಲವೆಂದು ಕೇಸು ಬಿದ್ದುಹೋಯಿತು.

ಜ್ಯೋತಿ ಒಳಗೆ ಹೋಗಿ ಕಂಪ್ಯೂಟರ್ ಮುಂದೆ ಕೂತಳು. ಸೊಟ್ಟ ಮೆಟ್ಟಿಲು ಗೆರೆಯಲ್ಲಿ ಬಂತು. ಹಳದಿ ಲೈಟು ಬಂತು. ಹುಣಸೆಮರದ ನೆಗ್ಗೂ ಎರಡು ಬಾಗು ಗೆರೆಯಲ್ಲಿ ಬಂತು. ಚೊಕ್ಕ ಬಸ್ಸಿಗೆ ಒಂದೊಂದು ಊನ ಸೇರಿದ ಹಾಗೆಲ್ಲ ಅದು ಊರಿನ ಬಸ್ಸಾಗತೊಡಗಿತು. ಆದರೆ ಕೆಂಪು ಬರಲಿಲ್ಲ. ಎಷ್ಟು ಚುಕ್ಕೆ ಇಟ್ಟರೂ, ಎಷ್ಟು ಬಾಗಿಸಿದರೂ ಅದು ಉಗುಳಿನ ಹಾಗೆ ಕಾಣಲೊಲ್ಲದು. ಲಕ್ಕಮ್ಮ ಬಗ್ಗಿ ನೋಡಿ, "ಆಕ್ಸಿಡೆಂಟಾ? ಯಾರಿಗೇನಾಯ್ತೇ?" ಎಂದು ಎದೆ ಮುಟ್ಟಿಕೊಂಡಳು.

ಜ್ಯೋತಿಗೆ ನಗು ಬಂತು. ನಗುತ್ತಲೇ ಸೋಲನ್ನೂ ಒಪ್ಪಿಕೊಂಡಳು. ಹೇಳಿದ ಮಾತು ಕೇಳುವುದು ಗೆರೆ. ಪಾಪಕ್ಕನ ಉಗುಳು ಯಾರ ಮಾತನ್ನೂ ಕೇಳುವ ವಸ್ತುವಲ್ಲ. ಬಸ್ಸೆಲ್ಲ ಗೆರೆಯಲ್ಲೇ ಇರಲಿ, ಅಂಗೈಯಗಲದ ಆ ಒಂದು ಜಾಗಕ್ಕೆ ಮಾತ್ರ ಫೋಟೋ ಅಂಟಿಸುವುದು. ಅಷ್ಟು ಸಣ್ಣದಕ್ಕೆ ಅತ್ತೆಯ ಫೋನೂ ಸಾಯುವುದಿಲ್ಲ.

ಒಂದೇ ತೊಂದರೆ. ಸಿದ್ದರಾಜುವಿನ ತೆಂಗಿನ ನಾರು ಆ ಜಾಗವನ್ನು ಫಳಫಳ ಮಾಡಿಬಿಟ್ಟಿತ್ತು. ಫೋಟೋಗೆಂದು ಬಸ್ಸು ತೊಳೆದ ಊರಿನಲ್ಲಿ ಫೋಟೋಗೆ ಬೇಕಾದ್ದೇ ತೊಳೆದುಹೋಗಿತ್ತು. ಹಾಗೆಂದು ಪಾಪಕ್ಕನ ಹತ್ತಿರ ಹೋಗಿ, ಸ್ವಲ್ಪ ಉಗಿದು ಕೊಡಮ್ಮ ಎನ್ನಲಾಗುತ್ತದೆಯೇ? ಜ್ಯೋತಿ ಸುಮ್ಮನೆ ಕಾದಳು. ದಿನಾ ಬೆಳಿಗ್ಗೆ ಮಾವನ ಜೊತೆ ಕಲ್ಲುಬೆಂಚಿನ ಮೇಲೆ ಕೂತು ಬಸ್ಸು ಬರುವುದನ್ನು ನೋಡಿದಳು. ಮೊದಲ ದಿನವೇ ಒಂದು ಹನಿ ಕಂಡಿತು. ಐದನೆಯ ದಿನಕ್ಕೆ ಬಾಲಸಮೇತ ಫಸಲು ಸಿದ್ಧವಾಗಿತ್ತು.

ಅವಳು ಫೋನ್ ಎತ್ತಿ ಹಿಡಿದದ್ದೇ ತಡ, ಮೇಲೆ ಕಿಟಕಿಯಲ್ಲಿ ಪಾಪಕ್ಕ ಸೆರಗು ಸರಿಮಾಡಿಕೊಂಡು, ಕೂದಲು ಒತ್ತಿಕೊಂಡು, ತುಟಿ ಮುಚ್ಚಿ ಗಂಭೀರವಾಗಿ ಕೂತಳು. "ನನ್ ಫೋಟೋ ಯಾಕಮ್ಮಿ?" ಎಂದು ಕೇಳಬೇಕೆಂದಿದ್ದಳು, ಬಾಯಿ ಖಾಲಿಯಿರಲಿಲ್ಲ.

ಯುಗಾದಿಯ ಹಿಂದಿನ ವಾರ ರಂಜಿತ ಬಂದಳು. ಬೆಳಿಗ್ಗೆ ಏಳೂಕಾಲು. ಬಸ್‌ಸ್ಟಾಪಿನಲ್ಲಿ ಹತ್ತು ಹನ್ನೆರಡು ಜನ. ಜ್ಯೋತಿ ಬಾಯಿ ತೆರೆಯಬಾರದೆಂದು ರಂಜಿತ ಅವಳನ್ನು ಬೆಂಚಿನ ಈ ತುದಿಗೆ ಕೂರಿಸಿ, ತಾನೇ ಒಬ್ಬೊಬ್ಬರ ಫೋನಿಗೂ ಗೇಮ್ ಹಾಕಿಕೊಟ್ಟಳು. ಅಪ್ಪಯ್ಯಣ್ಣ ಬೆಂಚಿನ ಆ ತುದಿಯಲ್ಲಿ ಕೂತಿದ್ದ.

ಗೇಮು ಎಲ್ಲರ ಫೋನಿನಲ್ಲೂ ತೆರೆಯಿತು. ಜನ ಬಸ್ಸು ಓಡಿಸಿದರು, ಕರು ಎಬ್ಬಿಸಿದರು, ನಕ್ಕರು. ಆದರೆ ಯಾವ ಬಸ್ಸೆಂದು ಒಬ್ಬರೂ ಬಾಯಿಬಿಡಲಿಲ್ಲ. ಇಬ್ಬರು ತಲೆ ಕೆರೆದುಕೊಂಡರು. ಒಬ್ಬ ಆಟ ಬಿಟ್ಟು ವಾಟ್ಸ್ಯಾಪ್ ನೋಡತೊಡಗಿದ. ರಂಜಿತ ವಾಚು ನೋಡಿಕೊಂಡಳು. ಐದು ಗಂಟೆಗೆ ಏಳುವ ಬೆಳಗುಗಳೆಲ್ಲ ಸಾಲಾಗಿ ಬಂದು ಜ್ಯೋತಿಯ ಕಣ್ಣ ಮುಂದೆ ನಿಂತವು.

ಪಾಪಕ್ಕ ಮಾತ್ರ ಹೂವಿನ ಬುಟ್ಟಿ ಪಕ್ಕಕ್ಕಿಟ್ಟು, ಬಾಯಲ್ಲಿದ್ದುದನ್ನು ಉಗಿದು ಬಂದು, ತಪಸ್ಸಿನ ಹಾಗೆ ಆಡುತ್ತಿದ್ದಳು. ದೊಡ್ಡಬಳ್ಳಾಪುರ ಮುಟ್ಟಿದಳು. ಆಡುವವರ ಪೈಕಿ ಅಲ್ಲಿಗೆ ಮುಟ್ಟಿದವಳು ಅವಳೊಬ್ಬಳೇ. ಬಸ್ಸು ತಿರುಗಿ ಊರ ಕಡೆಗೆ ಹೊರಟಿತು. ಆಗ ಜ್ಯೋತಿಗೆ ನೆನಪಾಯಿತು. ವಾಪಸ್ ಟ್ರಿಪ್ಪಿಗೆ ಚಿತ್ರ ತಿರುಗಿಸುವಾಗ ಬಾಗಿಲು ಸರಿಮಾಡಿದ್ದಳು, ನೆಗ್ಗು ತೆಗೆದಿದ್ದಳು. ಉಗುಳನ್ನು ಮರೆತಿದ್ದಳು. ಈಗ ಡ್ರೈವರ್ ಕಡೆಯ ಪಕ್ಕೆಯಲ್ಲೂ ಕೆಂಪು ಇದೆ. ಕಂಪನಿಯವಳ ಕಣ್ಣೆದುರಿಗೇ ತಪ್ಪು ಬಯಲಾಯಿತು, ಮುಗಿಯಿತು ಎಂದು ತಲೆ ತಗ್ಗಿಸಿದಳು.

"ಅಯ್ಯೋ ಇದೇನ್ ಅನ್ಯಾಯ!" ಪಾಪಕ್ಕನ ದನಿ ಇಡೀ ಸ್ಟಾಪಿಗೆ ಕೇಳಿಸಿತು. "ಯಾವಳೇ ಇದನ್ನ ಮಾಡಿದ್ದು? ಈ ಕಡೇದು ನಂದಲ್ಲ! ಗಿರಿಜಾದಲ್ಲಿ ನಾನು ಯಾವತ್ತಿದ್ರೂ ಬಾಗ್ಲು ಕಡೇನೇ ಉಗಿಯೋದು, ಡ್ರೈವರ್ ಕಡೆ ಒಂದಿನಾನೂ ಉಗ್ದಿಲ್ಲ, ಬೇಕಾದ್ರೆ ದೇವಸ್ಥಾನದಲ್ಲಿ ಗಂಟೆ ಹೊಡೀತೀನಿ!"

ಬಸ್‌ಸ್ಟಾಪಿನಲ್ಲಿದ್ದವರೆಲ್ಲ ಪಾಪಕ್ಕನ ಕಡೆಗೆ ತಿರುಗಿದರು.

ಅಪ್ಪಯ್ಯಣ್ಣ ಮಂಡಿನೋವು ಮರೆತು ಎದ್ದು ನಿಂತ. "ಪಾಪಕ್ಕ. ಇನ್ನೊಂದ್ಸಲ ಹೇಳವ್ವ."

ಪಾಪಕ್ಕ ಕೈಯಿಂದ ಬಾಯಿ ಮುಚ್ಚಿಕೊಂಡಳು. ಬೆರಳಿನ ಸಂದಿಯಿಂದಲೂ ಕೆಂಪು ಕಾಣುತ್ತಿತ್ತು. "ನಾನೇನಂದೆ? ಏನೂ ಅಂದಿಲ್ಲ."

"ಬಾಗ್ಲು ಕಡೆ ಉಗೀತಿದ್ದೆ ಅಂದೆ! ಹದಿನಾಲ್ಕು ವರ್ಷ ಕಣವ್ವ! ಹದಿನಾಲ್ಕು ವರ್ಷ ತೊಳೆದೀನಿ!" ಅಪ್ಪಯ್ಯಣ್ಣ ಎರಡೂ ಅಂಗೈ ಎತ್ತಿ ತೋರಿಸಿದ. ಕೋಪಕ್ಕೋ ಸಂತೋಷಕ್ಕೋ ಅವನಿಗೂ ತಿಳಿಯಲಿಲ್ಲ. ಅಷ್ಟರಲ್ಲಿ ಉಳಿದವರೆಲ್ಲ ತಮ್ಮ ತಮ್ಮ ಫೋನುಗಳ ಮೇಲೆ ಬಾಗಿದ್ದರು. ಹೌದಲ್ಲಾ, ಗಿರಿಜಾನೇ ಇದು, ಮೆಟ್ಲು ನೋಡು, ಲೈಟು ನೋಡು ಎಂದು ಒಬ್ಬರ ಮೇಲೊಬ್ಬರು ಕೂಗತೊಡಗಿದರು. ವಾಟ್ಸ್ಯಾಪ್ ನೋಡುತ್ತಿದ್ದವನೂ ಮರಳಿ ಬಂದ.

ರಂಜಿತ ನಗು ತಡೆಯಲಾಗದೆ ಹೂವಿನ ಬುಟ್ಟಿಯ ಪಕ್ಕದಲ್ಲೇ ಕೂತುಬಿಟ್ಟಳು. ಚೀಟಿಯಲ್ಲಿ ಒಂದೇ ಸಾಲು ಬರೆದು ಜ್ಯೋತಿಗೆ ಕೊಟ್ಟಳು. 'ವಾಪಸ್ ಬರುವಾಗ ಉಗುಳು ಇರಬಾರದು. ಬೇರೆಲ್ಲ ಸರಿ. ತಗೋತೀವಿ.' ಜ್ಯೋತಿ ಅದನ್ನು ಮೂರು ಸಲ ಓದಿದಳು. ನಾಲ್ಕನೆಯ ಸಲಕ್ಕೆ ಅಕ್ಷರ ಕಾಣಲಿಲ್ಲ, ಕಣ್ಣಲ್ಲಿ ನೀರು ತುಂಬಿತ್ತು. ಆ ಸಂಜೆಯೇ ಸೂಪರ್‌ವೈಸರಿಗೆ ಫೋನ್ ಮಾಡಿ, ನನ್ನ ಸೀಟಿಗೆ ಬೇರೆ ಯಾರನ್ನಾದರೂ ಕೂರಿಸಿ ಸರ್ ಎಂದಳು.

ಪಾಪಕ್ಕ ಮಾತ್ರ ಅವತ್ತು ಬಸ್ಸು ಹತ್ತುವ ಮೊದಲು ಜ್ಯೋತಿಯ ಕೈ ಹಿಡಿದಳು. "ಬಾಗ್ಲು ಕಡೇದೂ ತೆಗ್ದುಬಿಡೇ ಅಮ್ಮಿ. ಊರೂರ್ನೋರೆಲ್ಲ ನೋಡ್ತಾರೆ."

ಜ್ಯೋತಿ ಬಾಯಿ ತೆರೆಯುವ ಮೊದಲೇ ಅಪ್ಪಯ್ಯಣ್ಣ, "ಮುಟ್ಬೇಡ ಅದನ್ನ," ಎಂದ. ದನಿಯಲ್ಲಿ ಮೊದಲಿನ ಬಿಸಿ ಇರಲಿಲ್ಲ. "ಅದಿಲ್ದಿದ್ರೆ ನನ್ ಬಸ್ಸಲ್ಲ ಅದು."

ಮಾರನೆಯ ಬೆಳಿಗ್ಗೆ ಏಳೂಕಾಲಿಗೆ ಶ್ರೀ ಗಿರಿಜಾ ಅರಳಿಮರದ ಹತ್ತಿರ ರಿವರ್ಸ್ ತೆಗೆಯಿತು. ಮೂರನೇ ಕಿಟಕಿಯಲ್ಲಿ ಪಾಪಕ್ಕ ಕೂತಿದ್ದಳು. ಎರಡು ಕೆನ್ನೆಯೂ ಉಬ್ಬಿತ್ತು. ಉಗಿಯುವಂತಿಲ್ಲ, ನುಂಗುವಂತಿಲ್ಲ, ಕಣ್ಣು ಬಿಟ್ಟುಕೊಂಡು ಕಲ್ಲುಬೆಂಚಿನ ಕಡೆಗೇ ನೋಡುತ್ತಿದ್ದಳು. ಅಪ್ಪಯ್ಯಣ್ಣ ಅವಳನ್ನು ಒಂದು ಗಳಿಗೆ ನೋಡಿದ. ಆಮೇಲೆ ಬೆಂಚಿನ ಮೇಲೆ ಮೆಲ್ಲಗೆ ಹೊರಳಿ ಕೂತು, ಮುಖವನ್ನು ದೇವಸ್ಥಾನದ ಕಡೆಗೆ ತಿರುಗಿಸಿಕೊಂಡ.